ಎಡಕ್ಕೆ ಓಡಿದ ಕನ್ನಡ

ನನಗಾಗ ಮೂವತ್ತೊಂಬತ್ತು ವರ್ಷ. ಅದಾಗಿ ನಲವತ್ತು ವರ್ಷದ ಮೇಲಾಯಿತು. ದಾವಣಗೆರೆಯ ಚೌಕಿಪೇಟೆಯ ಹಿಂದಿನ ಸಂದಿಯೊಂದರಲ್ಲಿ ಟೈಪ್ ಮಷಿನ್ನು ರಿಪೇರಿ ಮಾಡುವ ಅಂಗಡಿ ಇತ್ತು. ನಾನು ಅಲ್ಲಿ ಕೆಲಸಕ್ಕಿದ್ದೆ. ನನ್ನ ಹೆಸರು ಹಾಲಮ್ಮ. ಹುಟ್ಟಿದ್ದು ಕುಕ್ಕುವಾಡ. ಓದಿದ್ದು ಮೂರನೇ ಕ್ಲಾಸು, ಅದನ್ನೂ ಪೂರ್ತಿ ಮಾಡಲಿಲ್ಲ. ಈಗ ಕಂಪ್ಯೂಟರು, ಮೊಬೈಲು ರಿಪೇರಿ ಕಲಿಯುವ ಹೆಣ್ಣುಮಕ್ಕಳು ಬಂದು, "ಅಜ್ಜಿ, ಆ ಕಾಲದಾಗ ಹೆಂಗೆ ಮಾಡ್ತಿದ್ರಿ ಅಂತ ಬರೀರಿ" ಎನ್ನುತ್ತಾರೆ. ಬರೆಯುತ್ತಿದ್ದೇನೆ. ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ. ಬಂದರೂ ಬರೆಯುತ್ತಿರಲಿಲ್ಲ.

ಮೊದಲಿಗೆ ನಾನು ಆ ಅಂಗಡಿಗೆ ಹೋದದ್ದು ಕಸ ಹೊಡೆಯಲು. ಗಂಡ ಹತ್ತಿ ಮಿಲ್ಲಿನಲ್ಲಿದ್ದ. ಮಿಲ್ಲು ಒಂದು ದಿನ ತೆರೆದರೆ ಎರಡು ದಿನ ಮುಚ್ಚುತ್ತಿತ್ತು. ಮನೆಯಲ್ಲಿ ಕೂತು ಅವನ ಮುಖ ನೋಡುವುದಕ್ಕಿಂತ ಕಸ ಹೊಡೆಯುವುದು ವಾಸಿ ಎನಿಸಿತು. ಅಂಗಡಿಯ ಯಜಮಾನರು ರುದ್ರಪ್ಪ ಮೇಸ್ತ್ರಿ. ಕೆಲಸದಲ್ಲಿ ಗಟ್ಟಿ, ಬಾಯಿ ಬಹಳ ಹೊಲಸು. ಕಸದ ಜೊತೆಗೆ ಮಷಿನ್ನು ತೊಳೆಯುವುದನ್ನೂ ನನಗೇ ಹಚ್ಚಿದರು. ದೊಡ್ಡ ತಗಡಿನ ತಟ್ಟೆಗೆ ಸೀಮೆಎಣ್ಣೆ ಸುರಿದು ಮಷಿನ್ನನ್ನು ಅದರಲ್ಲಿ ಕೂರಿಸಿ ಹಲ್ಲುಜ್ಜುವ ಬ್ರಶ್ಶಿನಿಂದ ಸಂದಿ ಸಂದಿ ಉಜ್ಜಬೇಕು. ಆ ವಾಸನೆ ಕೈ ಬಿಟ್ಟು ಹೋಗುವುದಿಲ್ಲ. ನಾನು ಬಡಿದ ರೊಟ್ಟಿ ತಿಂದು ಮಕ್ಕಳು, "ಅವ್ವಾ, ರೊಟ್ಟಿಗೆ ಕಡ್ಡಿ ಗೀರಿದ್ರೆ ಹತ್ತಿಕೊಂತೈತೆ" ಎನ್ನುತ್ತಿದ್ದವು. ತಿನ್ನದೆ ಬಿಡುತ್ತಿರಲಿಲ್ಲ.

ತೊಳೆಯುತ್ತ ತೊಳೆಯುತ್ತ ಮಷಿನ್ನು ಗೊತ್ತಾಯಿತು. ಯಾರೂ ಕಲಿಸಲಿಲ್ಲ. ಬಿಚ್ಚಿದ್ದನ್ನು ತೊಳೆಯುವವಳು ನಾನು, ಜೋಡಿಸುವವರು ಅವರು. ಒಂದು ದಿನ ಅವರು ಚಾ ಕುಡಿಯಲು ಹೋದಾಗ ನಾನೇ ಜೋಡಿಸಿಟ್ಟೆ. ಬಂದು ನೋಡಿ, "ಯಾರು ಮುಟ್ಟಿದ್ದು?" ಎಂದರು. "ನಾನು" ಎಂದೆ. ಬೈದರು. ಮರುವಾರದಿಂದ ಎಲ್ಲ ಮಷಿನ್ನುಗಳನ್ನೂ ನಾನೇ ಜೋಡಿಸಬೇಕಾಯಿತು. ಕಸ ಹೊಡೆಯುವುದು ಮಾತ್ರ ತಪ್ಪಲಿಲ್ಲ.

ಆಫೀಸುಗಳಿಗೆ ಹೋಗಿ ರಿಪೇರಿ ಮಾಡುವುದೇ ಈ ಕೆಲಸದ ಕಷ್ಟದ ಭಾಗ. ಮಷಿನ್ನಿನ ಹತ್ತಿರ ಕೂಡುವವರ ಮಾತು ತಡೆದುಕೊಳ್ಳಬೇಕು. ಹರಿಹರದ ಒಂದು ಆಫೀಸಿನ ಗುಮಾಸ್ತ ನನ್ನನ್ನು ನೋಡಿ ಕುರ್ಚಿಯಿಂದ ಏಳಲೇ ಇಲ್ಲ.

"ಮೇಸ್ತ್ರಿ ಎಲ್ಲಿ?"

"ನಾನೇ ಬಂದೀನಿ."

"ಹೆಂಗಸ್ರು ಇದನ್ನ ಬಿಚ್ಚತಾರೇನು? ಇದೇನು ಬೀಸೋ ಕಲ್ಲು ಅನ್ಕೊಂಡೀಯಾ?"

"ಮೊದ್ಲು ಏಳ್ರಿ. ಕುರ್ಚಿ ಬೇಕು."

ಕೀ ಒತ್ತಿದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮೇಜಿನ ಮೇಲೆ ಹಳೇ ಪೇಪರು ಹಾಸಿ ಮಷಿನ್ನನ್ನು ಬೋರಲು ಹಾಕಿ ಬೆನ್ನಿಗೆ ಎರಡು ಗುದ್ದಿದೆ. ಮಂಡಕ್ಕಿ ಉದುರಿತು. ಹುರಿಗಡಲೆ, ಮಿರ್ಚಿಯ ತೊಟ್ಟು, ಅರ್ಧ ಸೇದಿದ ಬೀಡಿ. ಇಡೀ ಆಫೀಸು ಎದ್ದು ಬಂದು ನೋಡಿತು. "ಮಷಿನ್ನಿಗೆ ಏನೂ ಆಗಿಲ್ರಿ. ಹೊಟ್ಟೆ ತುಂಬಿ ನಿದ್ದಿ ಬಂದೈತೆ" ಎಂದೆ. ಗುಮಾಸ್ತ ಮೇಸ್ತ್ರಿಗೆ ದೂರು ಹೇಳಿ ಕಳಿಸಿದ. ಗಿರಾಕಿಯ ಹೊಲಸನ್ನು ಸುಮ್ಮನೆ ಬಳಿದು ಬರಬೇಕು, ಬಾಯಿ ಮಾಡಬಾರದು ಎಂದು ಮೇಸ್ತ್ರಿ ನನಗೆ ಬೈದರು. ಅವರು ಹೇಳಿದ್ದು ವ್ಯಾಪಾರಕ್ಕೆ ಸರಿ. ನನ್ನ ಬಾಯಿ ನನ್ನದು.

ಆಮೇಲೆ ಆಫೀಸುಗಳಲ್ಲಿ ಕನ್ನಡ ನಡೆಯಬೇಕು ಎಂದು ಹುಕುಂ ಬಂತು. ಇಂಗ್ಲಿಷ್ ಮಷಿನ್ನುಗಳು ಒಂದೊಂದೇ ನಮ್ಮ ಅಂಗಡಿಗೆ ಬಂದವು. ಹಳೇ ಅಕ್ಷರದ ಅಚ್ಚನ್ನು ಕಾಯಿಸಿ ಕಿತ್ತು, ಅದೇ ಕಡ್ಡಿಯ ತುದಿಗೆ ಕನ್ನಡದ ಅಚ್ಚನ್ನು ಬೆಸುಗೆ ಹಾಕಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಕಾಗದದ ಮೇಲೆ ಅಕ್ಷರ ಕುಣಿಯುತ್ತದೆ. ಮೇಸ್ತ್ರಿಯ ಕೈ ಆಗಲೇ ನಡುಗಲು ಶುರುವಾಗಿತ್ತು. "ಕಣ್ಣು ಮಂಜು, ನೀನೇ ಹಾಕು" ಎಂದರು. ಕಣ್ಣಲ್ಲ, ಕೈ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕನ್ನಡ ಮಷಿನ್ನಿನಲ್ಲಿ ಎರಡು ಜಾತಿಯ ಕೀ. ಒಂದನ್ನು ಒತ್ತಿದರೆ ಅಕ್ಷರ ಬಿದ್ದು, ಕಾಗದ ಹಿಡಿದ ಕ್ಯಾರೇಜು ಒಂದು ಹೆಜ್ಜೆ ಸರಿಯುತ್ತದೆ. ಇನ್ನೊಂದನ್ನು ಒತ್ತಿದರೆ ಗುರುತು ಬೀಳುತ್ತದೆ, ಕ್ಯಾರೇಜು ನಿಂತಲ್ಲೇ ನಿಂತಿರುತ್ತದೆ. ಒತ್ತಕ್ಷರಕ್ಕೆಲ್ಲ ಅದೇ. ನಾವು ಅದನ್ನು ನಿಂತ ಕೀ ಎನ್ನುತ್ತಿದ್ದೆವು. ಇದಿಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ಒಂದು ಮಧ್ಯಾಹ್ನ ಹರಿಹರದಿಂದ ಮೆಹಬೂಬಿ ಎಂಬ ಹೆಂಗಸು ಬಂದಳು. ಬಸ್ಸಿನಿಂದ ಇಳಿದು, ಹಳೇ ಕಂಬಳಿಯಲ್ಲಿ ಸುತ್ತಿದ ಗಂಟನ್ನು ಸೊಂಟದ ಮೇಲೆ ಮಗುವಿನ ಹಾಗೆ ಹೊತ್ತು ತಂದಿದ್ದಳು. ಬಿಚ್ಚಿದರೆ ಒಂದು ಮಷಿನ್ನು. ಬಣ್ಣ ಹೊಸದು, ಕಬ್ಬಿಣ ಗಟ್ಟಿ. ಕೀಗಳ ಮೇಲೆ ಮಾತ್ರ ನಮಗೆ ಗೊತ್ತಿಲ್ಲದ ಅಕ್ಷರ.

"ಅರಬ್ಬಿ ಐತ್ರಿ" ಎಂದಳು. "ಅದನ್ನ ಕಿತ್ತು ಕನ್ನಡ ಹಾಕಿ ಕೊಡ್ರಿ. ನನ್ನ ಗಂಡನ ಕೂಡ ಅರಬ್ ದೇಶದಾಗಿರೋ ಇಮಾಮ್ ಸಾಬರು ರಜಕ್ಕೆ ಬಂದಾರ, ಬಕ್ರೀದ್ ಮುಗಿಸಿ ವಾಪಸ್ ಹೋಗ್ತಾರ. ಅವರ ಕೈಲಿ ಕಳಿಸಬೇಕು."

ಅವಳ ಗಂಡ ಖಾದರ್ ಹರಿಹರದಲ್ಲಿ ಲೇತ್ ಕೆಲಸ ಕಲಿತವನು. ಅರಬ್ಬರ ದೇಶಕ್ಕೆ ಹೋಗಿ ಒಂದು ವರ್ಕ್‌ಶಾಪಿನಲ್ಲಿದ್ದ. ಅಲ್ಲಿ ಬಲಗೈ ಮಷಿನ್ನಿಗೆ ಸಿಕ್ಕಿ ಬೆರಳು ಹೋದವು. ಕಂಪನಿಯವರು ಅವನನ್ನು ಸಾಮಾನಿನ ಕೋಣೆ ಕಾಯಲು ಕೂರಿಸಿದ್ದರು. ಪೆನ್ನು ಹಿಡಿಯಲು ಬಾರದು. ರೂಮಿನಲ್ಲಿ ಜೊತೆಗಿದ್ದವನು ಹರಿಹರದವನೇ. ಇವನು ಹೇಳಿ ಬರೆಸಬೇಕು, ಅವನು ಬರೆಯಬೇಕು.

"ಆ ಮನಶ್ಯಾನ ಹೆಂಡ್ತಿ ನಮ್ಮ ಓಣ್ಯಾಗೇ ಐದಾಳ್ರಿ" ಎಂದಳು ಮೆಹಬೂಬಿ. "ನನಗ ಬರೋ ಸುದ್ದಿ ನನಗಿಂತ ಮೊದ್ಲು ಓಣಿಗೆ ಗೊತ್ತಿರ್ತೈತೆ. ನನ್ನ ಗಂಡನ ಬೆರಳು ಹೋದದ್ದೂ ನಾನು ನಲ್ಲಿ ಹತ್ರ ನಿಂತಾಗಲೇ ಕೇಳಿದ್ದು. ಪತ್ರದಾಗ ಬರೀ 'ನಾನು ಕ್ಷೇಮ, ನೀನು ಕ್ಷೇಮ'. ಅದೂ ಲೇತ್ ಶೆಡ್ಡಿಗೆ ಬರ್ತೈತೆ. ಭಾವ ಒಡೆದು ಓದಿ ಆಮೇಲೆ ನನ್ನ ಕೈಗೆ ಕೊಡ್ತಾರ."

ಭಾವ ಎಂದರೆ ಖಾದರನ ಅಣ್ಣ ಹುಸೇನ್, ಆ ಲೇತ್ ಶೆಡ್ಡಿನ ಯಜಮಾನ. ನಮ್ಮ ಮಷಿನ್ನುಗಳಿಗೆ ರೋಲರು, ಸ್ಕ್ರೂ ಕಡೆದು ಕೊಡುತ್ತಿದ್ದವನು ಅವನೇ.

"ಏನು ತಿಳೀಬೇಕು ನಿಂಗೆ?" ಎಂದೆ.

"ಅವರು ಊರಿಗೆ ಬರ್ತಾರೋ ಇಲ್ಲೋ ಅಂತ. ಭಾವ 'ಅಲ್ಲೇ ಇರು, ಬರಬ್ಯಾಡ' ಅಂತ ಬರೀತಾರ. ನಾ ಬರ್ರಿ ಅಂತ ಬರೀತೀನಿ. ಅವರ ಮನಸಿನಾಗ ಏನೈತಿ ಅಂತ ಇನ್ನೊಬ್ಬನ ಬಾಯಾಗ ಹೇಳಿಸಾಕ ಆಗವಲ್ದು ಅವರಿಗೆ. ಎಡಗೈ ಐತಲ್ರಿ. ಒಂದೇ ಬೆರಳಾಗ ಕುಟ್ಟತಾರ."

ಖಾದರ್ ಅಲ್ಲಿಯ ಪೇಟೆಯಲ್ಲಿ ಕನ್ನಡ ಮಷಿನ್ನು ಕೇಳಿದನಂತೆ. ಅಂಗಡಿಯವನಿಗೆ ಆ ಹೆಸರೇ ಗೊತ್ತಿರಲಿಲ್ಲ. ಇಂಗ್ಲಿಷ್ ಐತೆ, ಅರಬ್ಬಿ ಐತೆ, ಯಾವುದು ಬೇಕು ಎಂದನಂತೆ. ದಾವಣಗೆರೆಯಲ್ಲಿ ಅಕ್ಷರ ಬದಲಿಸುತ್ತಾರೆ ಎಂಬುದು ಇವನಿಗೆ ಅಣ್ಣನ ಶೆಡ್ಡಿನಲ್ಲೇ ಗೊತ್ತಾಗಿತ್ತು. ಕಬ್ಬಿಣದ ಕೆಲಸದವನು, ಕಬ್ಬಿಣ ನೋಡಿ ಆರಿಸಿದ. ಗಟ್ಟಿಯಾದ ಅರಬ್ಬಿ ಮಷಿನ್ನು ಕೊಂಡು ಇಮಾಮ್ ಸಾಬರ ಕೈಲಿ ಕಳಿಸಿದ.

ಮೇಸ್ತ್ರಿ ಕಾಗದ ಸಿಕ್ಕಿಸಿ ಒಂದು ಕೀ ಒತ್ತಿದರು. ಇನ್ನೊಂದು ಒತ್ತಿದರು. ಆಮೇಲೆ ನಗಲು ಶುರು ಮಾಡಿದರು.

"ಹಾಲಮ್ಮ, ಬಾರೇ ಇಲ್ಲಿ. ಇದು ಉಲ್ಟಾ ಓಡ್ತೈತೆ ನೋಡು!"

ಹೌದು. ನಮ್ಮ ಮಷಿನ್ನಿನಲ್ಲಿ ಬರಹ ಎಡದಿಂದ ಬಲಕ್ಕೆ ಬೆಳೆಯುತ್ತದೆ. ಇದರಲ್ಲಿ ಬಲದಿಂದ ಎಡಕ್ಕೆ. ಹಲ್ಲಿನ ಚಕ್ರ, ಸ್ಪ್ರಿಂಗು, ಎಲ್ಲ ಆ ಕಡೆಗೇ ಎಳೆಯುವಂತೆ ಕೂತಿದ್ದವು. ಮೆಹಬೂಬಿಗೆ ನಾವು ನಗುತ್ತಿರುವುದು ಯಾಕೆ ಎಂದೇ ತಿಳಿಯಲಿಲ್ಲ.

"ಅರಬ್ಬಿ ಬರೆಯೋದು ಹಂಗೇ ಅಲ್ಲೇನ್ರಿ?"

"ಅರಬ್ಬಿ ಹಂಗೆ. ಕನ್ನಡ?" ಎಂದರು ಮೇಸ್ತ್ರಿ.

ಅವಳು ಬಗ್ಗಿ ಮಷಿನ್ನನ್ನು ಮತ್ತೆ ನೋಡಿದಳು. ಗಂಡ ಹೆಂಡಿರಿಬ್ಬರೂ ಚಿಕ್ಕಂದಿನಲ್ಲಿ ಬೆಳಿಗ್ಗೆ ಮದರಸಾದಲ್ಲಿ ಬಲದಿಂದ ಓದಿ, ಆಮೇಲೆ ಕನ್ನಡ ಶಾಲೆಯಲ್ಲಿ ಎಡದಿಂದ ಓದಿದವರು. ಪೇಟೆಯಲ್ಲಿ ಕ್ಯಾರೇಜು ಆ ಕಡೆ ಓಡಿದಾಗ ಖಾದರನ ಕಣ್ಣಿಗೆ ಅದು ತಪ್ಪಾಗಿ ಕಾಣಲೇ ಇಲ್ಲ. ನಾನಾಗಿದ್ದರೆ ಅಲ್ಲೇ ಹೌಹಾರುತ್ತಿದ್ದೆ.

"ಹೊಸದು ಕೊಂಡ್ಕೋ, ಇದನ್ನ ಗುಜರಿಗೆ ಹಾಕು" ಎಂದರು ಮೇಸ್ತ್ರಿ. ಹೊಸ ಮಷಿನ್ನು ಮಾರುವ ಏಜೆಂಟರ ಹತ್ತಿರ ನಾನೇ ಅವಳನ್ನು ಕರೆದುಕೊಂಡು ಹೋದೆ. ಆ ಮನುಷ್ಯ ಫ್ಯಾನಿನ ಕೆಳಗೆ ಕೂತು ಮಾತಾಡಿದ. ಕನ್ನಡ ಮಷಿನ್ನು ಮೊದಲು ಸರ್ಕಾರಕ್ಕೆ, ಉಳಿದವರು ಹೆಸರು ಬರೆಸಿ ಕಾಯಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಅಲ್ಲಮ್ಮ, ಅರಬ್ ದೇಶದಾಗ ಕನ್ನಡ ಯಾಕ ಬೇಕು? ಇಷ್ಟು ವರ್ಷ ಇದಾನೆ, ಇಂಗ್ಲಿಷ್ ಕಲ್ತು ಬರೀಲಿ" ಎಂದ.

ಮೆಹಬೂಬಿ ಸೆರಗು ಸರಿ ಮಾಡಿಕೊಂಡಳು. "ನನ್ನ ಗಂಡ ನನ್ ಕೂಡ ಇಂಗ್ಲಿಷ್ನಾಗ ಜಗಳ ಆಡಬೇಕೇನ್ರಿ?"

ಏಜೆಂಟ ಫ್ಯಾನಿನ ಕಡೆ ನೋಡಿದ. ಈಗಲೂ ಪರದೇಶದಲ್ಲಿರುವ ನಮ್ಮವರು ಕಂಪ್ಯೂಟರಿನಲ್ಲಿ ಕನ್ನಡ ಬೇಕು ಎಂದರೆ ಅಂಗಡಿಯವನು ಯಾಕೆ ಎಂದು ಕೇಳುತ್ತಾನಂತೆ. ಆ ಮಾತು ಕೇಳುವವರ ಸಂತತಿ ಮುಗಿಯುವುದಿಲ್ಲ. ಉತ್ತರ ಮೆಹಬೂಬಿ ಆಗಲೇ ಹೇಳಿ ಆಗಿದೆ. ಅದನ್ನೇ ಹೇಳಿರಿ.

ವಾಪಸ್ ಬಂದು ನಾನು ಮಷಿನ್ನು ಬಿಚ್ಚಿದೆ. ಮೂಲೆಯಲ್ಲಿ ಬಿದ್ದಿದ್ದ ಒಂದು ಇಂಗ್ಲಿಷ್ ಮಷಿನ್ನಿನ ಚಕ್ರ, ಸ್ಪ್ರಿಂಗು ತೆಗೆದು ಇದಕ್ಕೆ ಕೂರಿಸಲು ನೋಡಿದೆ. ಕೂರಲಿಲ್ಲ. ರಂಧ್ರಗಳು ಬೇರೆ, ಕಂಬಿ ಬೇರೆ. ಅರದಿಂದ ಉಜ್ಜಿ ನೋಡಿದೆ, ಬಡಿದು ನೋಡಿದೆ. ಕಬ್ಬಿಣಕ್ಕೆ ಹಟ ಬಂದರೆ ಮನುಷ್ಯರ ಹಟ ನಡೆಯುವುದಿಲ್ಲ. ಎರಡನೇ ದಿನ ಮೆಹಬೂಬಿಗೆ, "ಆಗೋದಿಲ್ಲವ್ವ. ಅಕ್ಷರ ಬೇಕಾದ್ರೆ ಹಾಕ್ತೀನಿ, ಓಟ ತಿರುಗೋದಿಲ್ಲ" ಎಂದೆ.

ಅವಳು ಯೋಚನೆ ಮಾಡಿದಳು. "ಹಂಗಾರೆ ಓಟ ಹಂಗೇ ಇರ್ಲಿ ಬಿಡ್ರಿ, ಅಕ್ಕಾರೆ."

"ಕನ್ನಡ ಬಲದಿಂದ ಎಡಕ್ಕೆ ಬೀಳ್ತೈತೆ!"

"ಬೀಳ್ಲಿ. ಬರೆಯೋರು ಅವರು, ಓದೋಳು ನಾನು. ನಮ್ಮಿಬ್ಬರಿಗೂ ಎರಡೂ ಕಡೆಯಿಂದ ಓದೋ ರೂಢಿ ಐತೆ. ಮೂರನೇದೋರಿಗೆ ತಿಳೀದಿದ್ರೆ ಚಲೋನೇ ಆತು."

ನಾನು ಅವಳ ಮುಖ ನೋಡಿದೆ. ಈ ಮಾತು ನನಗೆ ಹೊಳೆದಿರಲಿಲ್ಲ. ಬೆಸುಗೆ ಕೋಲನ್ನು ಒಲೆಗೆ ಇಟ್ಟೆ.

ಬರೀ ಅಕ್ಷರ ಬದಲಿಸಿದರೆ ಮುಗಿಯುತ್ತಿರಲಿಲ್ಲ. ಕನ್ನಡದ ಕೊಂಬು, ದೀರ್ಘ ಎಲ್ಲ ಅಕ್ಷರದ ಬಲಕ್ಕೆ ಅಂಟಿಕೊಳ್ಳುತ್ತವೆ. ಈ ಮಷಿನ್ನಿನಲ್ಲಿ ಅಕ್ಷರ ಕುಟ್ಟಿದ ಕೂಡಲೇ ಬರೆಯುವ ಜಾಗ ಎಡಕ್ಕೆ ಹೋಗಿಬಿಡುತ್ತದೆ. ಆಮೇಲೆ ಕೊಂಬು ಕುಟ್ಟಿದರೆ ಅದು ಮುಂದಿನ ಅಕ್ಷರದ ಜಾಗದಲ್ಲಿ ಅನಾಥವಾಗಿ ಬೀಳುತ್ತದೆ. ಅದಕ್ಕೆ ಆ ಗುರುತುಗಳ ಕೀಗಳನ್ನೆಲ್ಲ ಉಜ್ಜಿ ನಿಂತ ಕೀ ಮಾಡಿದೆ. ಗುರುತು ಮೊದಲು ಕುಟ್ಟಬೇಕು, ಕ್ಯಾರೇಜು ಅಲ್ಲಾಡಬಾರದು. ಆಮೇಲೆ ಅಕ್ಷರ ಕುಟ್ಟಿದರೆ ಎರಡೂ ಕೂಡಿಕೊಂಡು ಎಡಕ್ಕೆ ನಡೆಯುತ್ತವೆ. ಇದನ್ನು ಗಂಡನಿಗೆ ಬರೆದು ತಿಳಿಸಲು ಹೇಳಿದೆ.

"ಹಿಂದಿನದು ಮುಂದೆ, ಮುಂದಿನದು ಹಿಂದೆ" ಎಂದು ಮೆಹಬೂಬಿ ಬಾಯಿಪಾಠ ಮಾಡಿಕೊಂಡಳು. "ನಮ್ಮ ಸಂಸಾರ ಇದ್ದಂಗೇ ಐತೆ ಬಿಡ್ರಿ."

ಕೆಲಸ ಮುಗಿದ ದಿನ ಮೇಸ್ತ್ರಿ ಕಾಗದ ಎತ್ತಿ ನೋಡಿ ಕೆಂಡವಾದರು.

"ಇದು ನನ್ನ ಅಂಗಡಿಯಿಂದ ಹೊರಗೆ ಹೋಗಬಾರದು. ಊರು ಉಗೀತೈತೆ. ರುದ್ರಪ್ಪನ ಅಂಗಡ್ಯಾಗ ಕನ್ನಡ ಹಿಮ್ಮುಖ ನಡೀತೈತೆ ಅಂತಾರೆ."

"ಊರಿಗೆ ಮಾಡಿದ್ದಲ್ಲ. ಇವರಿಬ್ಬರಿಗೆ ಮಾಡಿದ್ದು."

"ಕೆಲಸ ಅಂದ್ರೆ ಒಂದು ರೀತಿ ಇರ್ತೈತೆ ಹಾಲಮ್ಮ."

"ಗಿರಾಕಿ ಕೇಳಿದ್ದು ಕೊಡೋದೇ ರೀತಿ. ಬೇರೆ ರೀತಿ ನಂಗೆ ಗೊತ್ತಿಲ್ಲ."

ಅವರು ಮಷಿನ್ನಿನ ಮೇಲೆ ಕೈ ಇಟ್ಟರು. ನಾನು ಅದನ್ನು ಎತ್ತಿ ಮೆಹಬೂಬಿಯ ಸೊಂಟಕ್ಕೆ ಏರಿಸಿದೆ. ಮೇಸ್ತ್ರಿಯ ಹೊಲಸು ಬಾಯಿ ಸಂದಿಯ ತುದಿಯವರೆಗೂ ಕೇಳಿಸಿತು. ಇಮಾಮ್ ಸಾಬರ ಜೊತೆ ಮಷಿನ್ನು ಸಮುದ್ರ ದಾಟಿತು.

ಎಳೆಯರಿಗೆ ಒಂದು ಮಾತು ಹೇಳುತ್ತೇನೆ. ಮೇಲಿನವರು ತಪ್ಪು ಎಂದದ್ದೆಲ್ಲ ತಪ್ಪಲ್ಲ, ಸರಿ ಎಂದದ್ದೆಲ್ಲ ಸರಿಯಲ್ಲ. ಆದರೆ ಅವರಿಗೆ ಎದುರು ನಿಲ್ಲುವ ಮೊದಲು ನಿಮ್ಮ ಬೆಸುಗೆ ಗಟ್ಟಿ ಇರಲಿ. ಕೆಟ್ಟ ಕೆಲಸ ಮಾಡಿ ಬಾಯಿ ಜೋರು ಮಾಡಿದರೆ ಮರ್ಯಾದೆ ಇರುವುದಿಲ್ಲ.

ಮಳೆಗಾಲ ಮುಗಿಯುತ್ತಿತ್ತು. ಒಂದು ಸಂಜೆ, ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ, ಹುಸೇನ್ ಬಂದ. ಕೈಯಲ್ಲಿ ಒಡೆದ ಲಕೋಟೆ. ಒಳಗಿನ ಹಾಳೆಯನ್ನು ನನ್ನ ಮುಖದ ಮುಂದೆ ಹಿಡಿದ.

"ಏನಮ್ಮ ಹಾಲಮ್ಮ, ಈ ಮಷಿನ್ನು ನೀನೇ ಮಾಡಿದ್ದಂತೆ. ಏನಿದು? ಅಕ್ಷರ ಕನ್ನಡ, ಮಾತು ಯಾವ ಭಾಷೇನೂ ಅಲ್ಲ. ಶೆಡ್ಡಿನಾಗ ಎಲ್ಲರಿಗೂ ತೋರಿಸ್ದೆ, ಒಬ್ಬನಿಗೂ ಬರವಲ್ದು. ಓದು."

ನೋಡಿದ ಕೂಡಲೇ ಗೊತ್ತಾಯಿತು. ನನ್ನ ಅಕ್ಷರಗಳು. ಒಂದೂ ಕುಣಿದಿರಲಿಲ್ಲ. ಹಾಳೆಯ ಎರಡೂ ಕಡೆ ತುಂಬಿತ್ತು. ಕನ್ನಡ ಅಕ್ಷರ ಕಂಡರೆ ಕಣ್ಣು ಎಡದಿಂದಲೇ ಶುರು ಮಾಡುತ್ತದೆ, ಮದರಸಾ ಓದಿದವರಿಗೂ ಬಲದ ಅಂಚು ಹೊಳೆದಿರಲಿಲ್ಲ.

"ಯಾರಿಗೆ ಬಂದಿದ್ದು?" ಎಂದೆ.

"ನಮ್ಮನೀಗೆ."

"ಮನೀಗೋ, ಮೆಹಬೂಬಿಗೋ?"

"ಎರಡೂ ಒಂದೇ."

"ಒಂದೇ ಆಗಿದ್ರೆ ನಿಮಗೂ ಓದಾಕ ಬರಬೇಕಿತ್ತು, ಸಾಬರೆ."

ಅವನ ಮುಖ ಕೆಂಪಾಯಿತು. "ನನ್ನ ತಮ್ಮ ಅವನು. ಅವನನ್ನ ಅಲ್ಲಿಗೆ ಕಳಿಸಿದ್ದು ನಾನು. ಅವನ ಮನಸಿನಾಗ ಏನೈತೆ ಅಂತ ನನಗೆ ಗೊತ್ತಾಗಬಾರದಾ?"

"ನಿಮಗೆ ಹೇಳಬೇಕಂತ ಇದ್ರೆ ನಿಮಗೆ ಬರೀತಾನೆ."

ಹುಸೇನ್ ಮೇಸ್ತ್ರಿಯ ಕಡೆ ತಿರುಗಿದ. "ರುದ್ರಪ್ಪನೋರೆ, ಇವಳು ಓದಬೇಕು. ಇಲ್ಲಾಂದ್ರೆ ರೋಲರಿಗೆ ಬೇರೆ ಕಡೆ ನೋಡ್ಕೊಳ್ರಿ."

ಮೇಸ್ತ್ರಿಗೆ ಬೇರೆ ಕಡೆ ಇರಲಿಲ್ಲ. ಹುಸೇನನಷ್ಟು ನಯವಾಗಿ ಕಡೆಯುವವರು ಈ ಸುತ್ತಿನಲ್ಲಿ ಯಾರೂ ಇರಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಮೇಸ್ತ್ರಿ ಕೆಮ್ಮಿದರು. "ಓದಾಕೇನೈತೆ ಹುಸೇನಣ್ಣ, ಅದು ಬಲಗಡೆ..."

ಆ ಮಾತು ಮುಗಿಯುವ ಮೊದಲು ನಾನು ಹಾಳೆ ಕಿತ್ತುಕೊಂಡೆ. ಮಡಿಚಿ, ಸೀರೆಯ ನೆರಿಗೆಯ ಒಳಗೆ, ಸೊಂಟಕ್ಕೆ ಸಿಕ್ಕಿಸಿಬಿಟ್ಟೆ.

"ಕೊಡು ಇಲ್ಲಿ!"

"ತಗೊಳ್ರಿ. ಕೈ ಹಾಕಿ ತಗೊಳ್ರಿ ನೋಡಾಣ."

ಗದ್ದಲ ಕೇಳಿ ಚೌಕಿಪೇಟೆಯ ಅರ್ಧ ಮಂದಿ ಸಂದಿಯ ಬಾಯಿಗೆ ಬಂದಿದ್ದರು. ಪಕ್ಕದ ಪಾತ್ರೆ ಅಂಗಡಿಯ ಮುದುಕ, "ಏನಾತು ಹಾಲಮ್ಮ?" ಎಂದು ಕೇಳಿದ. "ಏನಿಲ್ಲಪ್ಪ, ಸಾಬರು ನನ್ನ ಸೊಂಟ ತಪಾಸಣೆ ಮಾಡ್ತಾರಂತೆ" ಎಂದೆ. ಮಂದಿ ನಕ್ಕರು. ಹುಸೇನ್ ಮರ್ಯಾದಸ್ಥ, ಹಿಂದೆ ಸರಿದ. ಮೇಸ್ತ್ರಿಯ ಕಡೆ ಒಂದು ಸಲ ಬೆರಳು ತೋರಿಸಿ ಹೊರಟು ಹೋದ.

"ನಾಳೆಯಿಂದ ಬರಬ್ಯಾಡ" ಎಂದರು ಮೇಸ್ತ್ರಿ.

ತಿಂಗಳಿಗೊಮ್ಮೆ ಹಾಗೆ ಹೇಳುವುದು ಅವರ ಚಾಳಿ. ಆ ಸಲ ನಿಜಕ್ಕೂ ಹೇಳಿದರು ಎಂದು ಅವರ ದನಿಯಲ್ಲೇ ತಿಳಿಯಿತು. ಆದರೂ ಕಂಪ್ಯೂಟರು ಬಂದು ಅಂಗಡಿ ಮುಚ್ಚುವವರೆಗೂ ನಾನು ಅಲ್ಲೇ ಇದ್ದೆ. ಬೆಸುಗೆ ಹಾಕುವವರು ಅವರಿಗೆ ಬೇರೆ ಸಿಗಲಿಲ್ಲ. ಖಾದರ್ ಮುಂದೆ ಊರಿಗೆ ಬಂದ, ಅಣ್ಣನ ಶೆಡ್ಡಿಗೆ ಹೋಗದೆ ಬೇರೆ ದಾರಿ ಹಿಡಿದ. ಅದೆಲ್ಲ ಆಮೇಲಿನ ಮಾತು.

ಆ ಸಂಜೆಯೇ ಹರಿಹರಕ್ಕೆ ಹೋಗಬಹುದಿತ್ತು. ಹೋದರೆ ಹುಸೇನ್ ಮನೆಯಲ್ಲಿರುತ್ತಾನೆ. ಪತ್ರ ನನ್ನ ಸೊಂಟದಿಂದ ಅವನ ಕೈಗೇ ಹೋಗುತ್ತದೆ. ಮನೆಗೆ ಹೋಗಿ ಅಡುಗೆ ಮಾಡಿದೆ, ಮಲಗಿದೆ. ಓದಿದಿರಾ ಅಜ್ಜಿ ಎಂದು ಹುಡುಗಿಯರು ಕೇಳುತ್ತಾರೆ. ಇಲ್ಲ. ಜನ ತಮ್ಮ ಮೊಬೈಲನ್ನು ನಿಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಗಂಡ, ಹೆಂಡತಿ, ಸಾಲ, ಕಾಯಿಲೆ ಎಲ್ಲ ಅದರೊಳಗೇ ಇರುತ್ತದೆ. ನಿಮ್ಮ ಕೆಲಸ ಅದು ಮಾತಾಡುವಂತೆ ಮಾಡುವುದು. ಕೇಳಿಸಿಕೊಳ್ಳುವುದು ನಿಮ್ಮ ಕೆಲಸವಲ್ಲ. ಇದು ಬರದವರು ಈ ಕಸುಬಿಗೆ ಬರಬೇಡಿ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಲಿಲ್ಲ, ಹರಿಹರದ ಬಸ್ಸು ಹತ್ತಿದೆ. ಶೆಡ್ಡಿನ ಮುಂದೆಯೇ ನಡೆದು ಹೋದೆ. ಒಳಗೆ ಲೇತು ತಿರುಗುತ್ತಿತ್ತು, ಹುಸೇನನ ಬೆನ್ನು ಕಾಣಿಸಿತು. ಮನೆ ಕೇಳಿಕೊಂಡು ಹೋದೆ. ಮೆಹಬೂಬಿ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಸೊಂಟದಿಂದ ತೆಗೆದು ಕೊಟ್ಟೆ. ಅವಳು ಬಿಚ್ಚಿ ನೋಡಿದಳು. ಕಣ್ಣು ಬಲದ ಅಂಚಿಗೆ ಹೋದದ್ದು ಕಂಡೆ. ಮೊರ ಅಲ್ಲೇ ಬಿಟ್ಟು ಒಳಗೆ ಎದ್ದು ಹೋದಳು.

ನಾನು ಅವಳ ಜಾಗದಲ್ಲಿ, ಬಾಗಿಲಿಗೆ ಅಡ್ಡವಾಗಿ ಕೂತೆ. ಅವಳ ಅತ್ತೆ ಪಕ್ಕದ ಮನೆಯಿಂದ ಬಂದರು.

"ಯಾರವ್ವ ನೀನು? ದಾರಿ ಬಿಡು, ಒಳಗ ಹೋಗಬೇಕು."

"ತುಸು ತಡೀರಿ, ಅಮ್ಮಾರೆ. ಒಳಗ ನಿಮ್ಮ ಮಗ ಹೆಂಡ್ತಿ ಕೂಡ ಮಾತಾಡಾಕ ಹತ್ತ್ಯಾನ. ಮುಗೀಲಿ."

ಮುದುಕಿ ನನ್ನನ್ನು ನೋಡಿದರು, ಬಾಗಿಲು ನೋಡಿದರು. ಆಮೇಲೆ ನನ್ನ ಪಕ್ಕದಲ್ಲೇ ಕೂತು, ಮೊರ ತಮ್ಮ ಕಡೆ ಎಳೆದುಕೊಂಡರು.